ಡಯಾಲಿಸಿಸ್‌ನಲ್ಲಿರುವ ಅಪ್ಪನಿಗೆ ಕೊರೊನಾ ಲಸಿಕೆ ಎಷ್ಟು ಕಾಪಾಡುತ್ತೆ?

ಪ್ರಶ್ನೆ: ನಮ್ಮದು ಸಿಂಧನೂರು ತಾಲೂಕಿನ ಒಂದು ಕ್ಯಾಂಪು. ಅಪ್ಪನಿಗೆ 58 ವರ್ಷ. ಸಕ್ಕರೆ ಕಾಯಿಲೆಯಿಂದ ಎರಡೂ ಕಿಡ್ನಿ ಹೋಗಿವೆ. 2020ರಿಂದ ವಾರಕ್ಕೆ ಮೂರು ಸಲ ಡಯಾಲಿಸಿಸ್ ನಡೆದಿದೆ. 2021ರಲ್ಲಿ ಎರಡು ಕೋವಿಶೀಲ್ಡ್, 2022ರ ಆಗಸ್ಟಿನಲ್ಲಿ ಬೂಸ್ಟರ್ ಹಾಕಿಸಿದ್ದೇವೆ. ಅಪ್ಪನ ಪಕ್ಕದ ಬೆಡ್ಡಿನವರೊಬ್ಬರು ಎರಡು ಡೋಸ್ ಆದ ಮೇಲೂ ಕೊರೊನಾ ಬಂದು ತೀರಿಕೊಂಡರು. ಅವತ್ತಿನಿಂದ ಅಪ್ಪ, ‘ಮೆಷಿನ್ನು ರಕ್ತದ ಜೊತೆ ಲಸಿಕೆನೂ ತೊಳೆದು ಹಾಕುತ್ತೆ, ನಮ್ಮಂಥವರಿಗೆ ಅದು ಸುಮ್ನೆ’ ಅನ್ನುತ್ತಾರೆ. ಇದು ನಿಜವಾ? ಇನ್ನೊಂದು ಡೋಸ್ ಬೇಕಾ? ಲಸಿಕೆಯಿಂದ ರಕ್ತ ಹೆಪ್ಪುಗಟ್ಟುತ್ತೆ ಅಂತಾರಲ್ಲ, ಅಪ್ಪನ ಫಿಸ್ಟುಲಾಗೆ (ಡಯಾಲಿಸಿಸ್ ಸೂಜಿ ಚುಚ್ಚೋಕೆ ತೋಳಿನಲ್ಲಿ ರಕ್ತನಾಳ ಜೋಡಿಸಿ ಮಾಡಿದ್ದು) ತೊಂದರೆ ಇಲ್ಲವಾ?

ಉತ್ತರ: ಮೊದಲು ತೊಳೆದುಹೋಗುವ ಮಾತನ್ನು ಮುಗಿಸೋಣ. ಡಯಾಲಿಸಿಸ್ ಹಾಲ್‌ನಲ್ಲಿ ನಾನು ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ಹೀಗೆ ಕೇಳಿದವರು ದಡ್ಡರಲ್ಲ. ನಾಲ್ಕು ಗಂಟೆ ಕಣ್ಣೆದುರಿಗೇ ತಮ್ಮ ರಕ್ತ ಕೊಳವೆಯಲ್ಲಿ ಹೋಗಿ ಬರೋದನ್ನು ನೋಡುವವರು. ಒಳಗಿನದೆಲ್ಲ ಸೋಸಿ ಹೋಗುತ್ತೆ ಅಂತ ಅನಿಸೋದು ಸಹಜ.

ಆದರೆ ಹಾಗಾಗುವುದಿಲ್ಲ. ಮೆಷಿನ್ನಿನ ಪಕ್ಕ ನಿಲ್ಲಿಸಿರುವ ಆ ಉದ್ದನೆ ಡಯಲೈಸರ್ ಇದೆಯಲ್ಲ, ಅದರೊಳಗೆ ಕೂದಲಿನಂಥ ಸಾವಿರಾರು ಟೊಳ್ಳು ಎಳೆಗಳಿವೆ. ಎಳೆಯ ಗೋಡೆಯಲ್ಲಿ ಬಹಳ ಸಣ್ಣ ತೂತುಗಳು. ಜೋಳದ ಹಿಟ್ಟು ಜರಡಿ ಹಿಡಿಯುವ ಸಾಣಿಗಿ ಇದ್ದ ಹಾಗೆ ಅದು. ಹಿಟ್ಟು ಇಳಿಯುತ್ತೆ, ಕಾಳು ಮೇಲೆ ಉಳಿಯುತ್ತೆ. ಯೂರಿಯಾದ ಅಣುತೂಕ 60, ಕ್ರಿಯಾಟಿನಿನ್‌ದು 113. ಇವು ಇಳಿದುಹೋಗುತ್ತವೆ. ರಕ್ತದ ಆಲ್ಬುಮಿನ್ ಪ್ರೋಟೀನಿನ ಅಣುತೂಕ ಸುಮಾರು 66,000. ಅದನ್ನೇ ಈ ಸಾಣಿಗಿ ತಡೆದು ಇಟ್ಟುಕೊಳ್ಳುತ್ತೆ. ಲಸಿಕೆಯಿಂದ ಹುಟ್ಟುವ ಪ್ರತಿಕಾಯ, ಅಂದರೆ ವೈರಸ್ಸನ್ನು ತಡೆಯುವ ಪ್ರೋಟೀನು ಇದೆಯಲ್ಲ, ಅದರ ಅಣುತೂಕ ಅದಕ್ಕಿಂತ ಎರಡು ಪಟ್ಟು ಜಾಸ್ತಿ, ಸುಮಾರು 1,50,000. ಅದು ಎಲ್ಲಿಂದ ಇಳಿದುಹೋಗಬೇಕು? ಇನ್ನು ಲಸಿಕೆ ಹೋಗೋದು ತೋಳಿನ ಸ್ನಾಯುವಿಗೆ, ಅಲ್ಲಿಂದ ಕಂಕುಳಿನ ದುಗ್ಧಗ್ರಂಥಿಗಳಿಗೆ. ಮೈಗೆ ವೈರಸ್ಸಿನ ಗುರುತು ಕಲಿಸುವ ಕೆಲಸ ನಡೆಯೋದು ಅಲ್ಲಿ. ಮೆಷಿನ್ನಿನ ಕೊಳವೆ ಅಲ್ಲಿಗೆ ತಲುಪುವುದೇ ಇಲ್ಲ.

ಆದರೂ ಅಪ್ಪನ ಮಾತಿನಲ್ಲಿ ಅರ್ಧ ಸತ್ಯ ಇದೆ. ಡಯಾಲಿಸಿಸ್‌ನವರ ಮೈಯಲ್ಲಿ ಲಸಿಕೆ ಬೇರೆಯವರಲ್ಲಿ ಮಾಡಿದಷ್ಟು ಕೆಲಸ ಮಾಡುವುದಿಲ್ಲ. ಇದಕ್ಕೆ ಕಾರಣ ಮೆಷಿನ್ನಲ್ಲ, ಕಾಯಿಲೆ. ಕಿಡ್ನಿ ಹೊರಹಾಕಬೇಕಿದ್ದ ಕಲ್ಮಶ ಎಷ್ಟೇ ಡಯಾಲಿಸಿಸ್ ಮಾಡಿದರೂ ಸ್ವಲ್ಪ ಉಳಿಯುತ್ತೆ. ಅದರ ನಡುವೆ ವರ್ಷಗಟ್ಟಲೆ ಬದುಕುವ ಬಿಳಿ ರಕ್ತಕಣಗಳು ವಯಸ್ಸಿಗೆ ಮೊದಲೇ ಮುದಿಯಾಗುತ್ತವೆ. ಹೊಸ ವೈರಿಯ ಗುರುತು ಹಿಡಿಯಲು ತಡವಾಗುತ್ತೆ, ಹಿಡಿದದ್ದು ಬೇಗ ಮರೆತುಹೋಗುತ್ತೆ. ಇದರ ಮೇಲೆ ಸಕ್ಕರೆ ಕಾಯಿಲೆ, ರಕ್ತಹೀನತೆ, ಬಾಯಿರುಚಿ ಕೆಟ್ಟು ಊಟ ಸೇರದೆ ಇಳಿದುಹೋದ ಪ್ರೋಟೀನು.

ನಿಮ್ಮ ಮನೆಯಲ್ಲೇ ಇದಕ್ಕೆ ಪುರಾವೆ ಇದೆ. ಅಪ್ಪನ ಡಯಾಲಿಸಿಸ್ ಫೈಲು ತೆಗೆದು ಹೆಪಟೈಟಿಸ್ ಬಿ ಲಸಿಕೆಯ ಪುಟ ನೋಡಿ. ಸಾಮಾನ್ಯ ದೊಡ್ಡವರಿಗೆ 20 ಮೈಕ್ರೋಗ್ರಾಂ, ಮೂರು ಸಲ. ಡಯಾಲಿಸಿಸ್‌ನವರಿಗೆ 40 ಮೈಕ್ರೋಗ್ರಾಂ, ನಾಲ್ಕು ಸಲ: ಮೊದಲ ದಿನ, ಒಂದು ತಿಂಗಳಿಗೆ, ಎರಡು ತಿಂಗಳಿಗೆ, ಆರು ತಿಂಗಳಿಗೆ. ಆರೋಗ್ಯವಂತರಲ್ಲಿ 100ಕ್ಕೆ 90ಕ್ಕೂ ಹೆಚ್ಚು ಮಂದಿಗೆ ಆ ಲಸಿಕೆ ಹಿಡಿಯುತ್ತೆ. ಡಯಾಲಿಸಿಸ್‌ನವರಲ್ಲಿ ಎರಡು ಪಟ್ಟು ಕೊಟ್ಟರೂ ಸುಮಾರು 50ರಿಂದ 70 ಮಂದಿಗೆ ಮಾತ್ರ. ಅದಕ್ಕೇ ವರ್ಷಕ್ಕೊಮ್ಮೆ ಟೈಟರ್, ಅಂದರೆ ರಕ್ತದಲ್ಲಿನ ಪ್ರತಿಕಾಯದ ಮಟ್ಟ, ನೋಡಿ, 10ಕ್ಕಿಂತ ಕೆಳಗಿಳಿದಿದ್ದರೆ ಮತ್ತೊಂದು ಡೋಸ್ ಹಾಕುತ್ತಾರೆ. ‘ಒಮ್ಮೆ ಹಾಕಿಸಿದೆ, ಮುಗೀತು’ ಅನ್ನುವ ಲೆಕ್ಕ ಕಿಡ್ನಿ ಕಾಯಿಲೆಯವರಿಗೆ ಯಾವತ್ತೂ ಇರಲಿಲ್ಲ. ಕೊರೊನಾ ಲಸಿಕೆಗೂ ಅದೇ ಲೆಕ್ಕ ಹಾಕಬೇಕು.

ಹಾಗಾದರೆ ಎಷ್ಟು ಕಾಪಾಡುತ್ತೆ? ಹೊರದೇಶಗಳಲ್ಲಿ ಎಂಆರ್‌ಎನ್‌ಎ ಮಾದರಿಯ (ಫೈಜರ್, ಮಾಡರ್ನಾದಂಥ) ಲಸಿಕೆ ಪಡೆದ ಡಯಾಲಿಸಿಸ್ ರೋಗಿಗಳಲ್ಲಿ ಎರಡು ಡೋಸ್ ಆದ ಮೇಲೆ 100ರಲ್ಲಿ 80–90 ಮಂದಿಗೆ ಪ್ರತಿಕಾಯ ಬಂದಿತ್ತು. ಆದರೆ ಪ್ರಮಾಣ ಕಡಿಮೆ, ಕೆಲವೇ ತಿಂಗಳಲ್ಲಿ ಇಳಿಮುಖ. ಮೂರನೇ ಡೋಸ್‌ಗೆ ಮತ್ತೆ ಚೆನ್ನಾಗಿ ಏರಿತು. ಪ್ರತಿಕಾಯದ ಲೆಕ್ಕಕ್ಕಿಂತ ಜೀವದ ಲೆಕ್ಕ ಮುಖ್ಯ ಅಲ್ವಾ? ಅದಕ್ಕೆ ಕೆನಡಾದ ಒಂಟಾರಿಯೊ ಪ್ರಾಂತ್ಯದ ಅಧ್ಯಯನವೊಂದು ಚೆನ್ನಾಗಿದೆ. ಅಲ್ಲಿ ಡಯಾಲಿಸಿಸ್‌ನಲ್ಲಿದ್ದ ಸುಮಾರು 13,700 ಜನರನ್ನು 2020ರ ಡಿಸೆಂಬರಿನಿಂದ 2021ರ ಜೂನ್‌ವರೆಗೆ ಗಮನಿಸಿದರು. ಲಸಿಕೆಯೇ ಇಲ್ಲದವರಿಗೆ ಹೋಲಿಸಿದರೆ ಎರಡು ಡೋಸ್ ಆದವರಲ್ಲಿ ಸೋಂಕು ತಗಲುವುದು 69 ಶೇಕಡಾ ಕಡಿಮೆ. ಆಸ್ಪತ್ರೆ ಸೇರುವುದು ಅಥವಾ ಸಾಯುವುದು 83 ಶೇಕಡಾ ಕಡಿಮೆ. ಒಂದೇ ಡೋಸ್ ಆದವರಲ್ಲಿ ಈ ಎರಡನೆಯದು 46 ಶೇಕಡಾ ಮಾತ್ರ ಕಡಿಮೆಯಾಗಿತ್ತು.

ಈ 46 ಮತ್ತು 83ರ ಅಂತರ ನೋಡಿದಾಗಲೆಲ್ಲ ನನಗೆ 2021ರ ಏಪ್ರಿಲ್, ಮೇ ತಿಂಗಳು ನೆನಪಾಗಿ ಸಂಕಟ ಆಗುತ್ತೆ. ಆ ವರ್ಷ ಮಾರ್ಚ್ 1ರಿಂದ 45 ದಾಟಿದ, ಬೇರೆ ಕಾಯಿಲೆ ಇರುವವರಿಗೆ ಲಸಿಕೆ ಶುರುವಾಗಿತ್ತು. ಸರ್ಕಾರ ಪಟ್ಟಿ ಮಾಡಿದ 20 ಕಾಯಿಲೆಗಳಲ್ಲಿ ಡಯಾಲಿಸಿಸ್ ಕೂಡ ಇತ್ತು. ನಾನು ಆಗ ನಮ್ಮ ಭಾಗದ ಒಂದು ಡಯಾಲಿಸಿಸ್ ಘಟಕ ನೋಡಿಕೊಳ್ಳುತ್ತಿದ್ದೆ. ಕಾಯಿಲೆ ಇದೆ ಅನ್ನುವ ಸರ್ಟಿಫಿಕೇಟುಗಳಿಗೆ ದಿನಾ ಸಹಿ ಹಾಕುತ್ತಿದ್ದೆ. ಬಹಳ ಜನ ಮೊದಲ ಕೋವಿಶೀಲ್ಡ್ ಹಾಕಿಸಿಕೊಂಡರು. ಅಷ್ಟರಲ್ಲಿ ಎರಡನೇ ಅಲೆ ಬಂತು, ಲಸಿಕೆಯ ಕೊರತೆಯೂ ಬಂತು. ಮೇ 13ಕ್ಕೆ ಎರಡು ಡೋಸ್‌ಗಳ ನಡುವಿನ ಅಂತರ 12ರಿಂದ 16 ವಾರ ಆಯಿತು. ಗಟ್ಟಿ ಮೈಯವರಿಗೆ ಆ ಅಂತರ ನಡೆಯುತ್ತಿತ್ತು. ನಮ್ಮ ರೋಗಿಗಳು ಮಾತ್ರ ಅರ್ಧ ರಕ್ಷಣೆ ಇಟ್ಟುಕೊಂಡೇ ಆ ಅಲೆ ದಾಟಬೇಕಾಯಿತು.

ಅವರು ಮನೆಯಲ್ಲಿ ಇರುವ ಹಾಗೂ ಇರಲಿಲ್ಲ. ವಾರಕ್ಕೆ ಮೂರರಂತೆ ವರ್ಷಕ್ಕೆ 156 ಸಲ ಹೋಗಿ ಬರಬೇಕು. ಹೋದಾಗೆಲ್ಲ ನಾಲ್ಕು ಗಂಟೆ ಹತ್ತಾರು ಜನರ ಜೊತೆ ಒಂದೇ ಹಾಲ್‌ನಲ್ಲಿ ಮಲಗಬೇಕು. ಲಾಕ್‌ಡೌನಿನಲ್ಲಿ ಬಸ್ ಇಲ್ಲದೆ ಮಸ್ಕಿ ಕಡೆಯ ಒಬ್ಬ ಅಜ್ಜಿ ಹಾಲಿನ ಗಾಡಿಯಲ್ಲಿ ಬರುತ್ತಿದ್ದಳು. ಪೊಲೀಸರು ತಡೆದರೆ ತೋರಿಸೋಕೆ ಅಂತ ಡಯಾಲಿಸಿಸ್ ಕಾರ್ಡನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಿರುತ್ತಿದ್ದಳು. ಬೆಡ್ಡಿಗೆ ಬಂದು ಕೂತು ಮೊದಲು ಆ ಗಂಟು ಬಿಚ್ಚಿ ಕಾರ್ಡು ನನ್ನ ಕೈಗೆ ಕೊಟ್ಟು, ಆಮೇಲೆ ತೋಳು ಚಾಚುತ್ತಿದ್ದಳು. ಒಂದೇ ಒಂದು ಡಯಾಲಿಸಿಸ್ ತಪ್ಪಿಸಲಿಲ್ಲ.

ಈಗ ಅಪ್ಪನ ಪಕ್ಕದ ಬೆಡ್ಡಿನವರ ವಿಷಯ. ಆ ಸಾವು ಅಪ್ಪನ ಮನಸ್ಸಿನಲ್ಲಿ ಕೂತಿದೆ, ವಾದ ಮಾಡಿ ಅದನ್ನು ಎಬ್ಬಿಸೋಕೆ ಆಗಲ್ಲ. ಆದರೂ ಈ ಲೆಕ್ಕವನ್ನು ಅವರ ಹತ್ತಿರ ಕೂತು ನಿಧಾನಕ್ಕೆ ಹೇಳಿ. ಲಸಿಕೆ ಬರುವುದಕ್ಕೆ ಮೊದಲು, ಡಯಾಲಿಸಿಸ್‌ನಲ್ಲಿದ್ದು ಕೊರೊನಾ ತಗುಲಿದ 100 ಜನರಲ್ಲಿ ಸುಮಾರು 20 ಮಂದಿ, ಕೆಲವು ಕಡೆ ಅದಕ್ಕೂ ಹೆಚ್ಚು, ತೀರಿಕೊಂಡರು. ಐವರಲ್ಲಿ ಒಬ್ಬರು. ಲಸಿಕೆ ಈ 20ನ್ನು ಸೊನ್ನೆ ಮಾಡಲಿಲ್ಲ, ತುಂಬಾ ಕೆಳಗಿಳಿಸಿತು. ಲಸಿಕೆ ಆದ ಮೇಲೂ ಕೆಲವರು ಹೋದರು, ಪಕ್ಕದ ಬೆಡ್ಡಿನವರು ಅವರಲ್ಲಿ ಒಬ್ಬರು. ಹೋದವರ ಬೆಡ್ ಖಾಲಿಯಾಗಿ ಎಲ್ಲರ ಕಣ್ಣಿಗೆ ಬೀಳುತ್ತೆ. ಉಳಿದವರು ಸೋಮವಾರ ಬಂದು ತಮ್ಮ ಬೆಡ್ಡಿನ ಮೇಲೆ ಮಲಗಿದರೆ ‘ಇವರು ಲಸಿಕೆಯಿಂದ ಉಳಿದರು’ ಅಂತ ಯಾರಿಗೆ ಗೊತ್ತಾಗಬೇಕು?

ನಾನು ಎಲ್ಲರಿಗೂ ಒತ್ತಿ ಹೇಳುವ ಮಾತು ಒಂದಿದೆ. ಗಟ್ಟಿಮುಟ್ಟಾದ 25ರ ಹುಡುಗನಲ್ಲಿ ಲಸಿಕೆ ಚೆನ್ನಾಗಿ ಹಿಡಿಯುತ್ತೆ, ಆದರೆ ಅವನಿಗೆ ಸಾವಿನ ಅಪಾಯವೇ ತೀರಾ ಕಡಿಮೆ. ನಿಮ್ಮ ಅಪ್ಪನಲ್ಲಿ ಲಸಿಕೆ ಮುಕ್ಕಾಲು ಮಾತ್ರ ಹಿಡಿದರೂ, ಅಪಾಯ ಅಷ್ಟು ದೊಡ್ಡದಿರುವುದರಿಂದ ಉಳಿಯುವ ಜೀವಗಳು ಜಾಸ್ತಿ. ಲಸಿಕೆ ಕಡಿಮೆ ಹಿಡಿಯುತ್ತೆ ಅನ್ನುವುದು ಹೆಚ್ಚು ಸಲ ಹಾಕಿಸಿಕೊಳ್ಳಲು ಕಾರಣ ಆಗಬೇಕು, ಬಿಟ್ಟುಬಿಡಲು ಅಲ್ಲ.

ಒಂಟಾರಿಯೊದ ಸಂಖ್ಯೆಗಳನ್ನು ಹಾಗೇ ಎತ್ತಿ ಅಪ್ಪನಿಗೆ ಹಚ್ಚಬೇಡಿ. ಅಲ್ಲಿ ಹೆಚ್ಚಾಗಿ ಕೊಟ್ಟದ್ದು ಎಂಆರ್‌ಎನ್‌ಎ ಲಸಿಕೆ. ನಮ್ಮಲ್ಲಿ ಹೆಚ್ಚಾಗಿ ಕೊಟ್ಟದ್ದು ಪುಣೆಯ ಸೀರಂ ಇನ್‌ಸ್ಟಿಟ್ಯೂಟಿನ ಕೋವಿಶೀಲ್ಡ್, ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೋವ್ಯಾಕ್ಸಿನ್. ಮೇಲಾಗಿ ಅದು ಒಮಿಕ್ರಾನ್‌ಗಿಂತ ಮುಂಚಿನ ಮಾತು. ದೇಶದ ಮೊದಲ ಒಮಿಕ್ರಾನ್ ಪ್ರಕರಣಗಳು ನಮ್ಮ ರಾಜ್ಯದಲ್ಲೇ, 2021ರ ಡಿಸೆಂಬರ್ 2ರಂದು ಗೊತ್ತಾದವು. ಅದು ಬಂದ ಮೇಲೆ ಲಸಿಕೆ ಸೋಂಕನ್ನು ತಡೆಯುವುದು ಎಲ್ಲರಲ್ಲೂ ಕಡಿಮೆಯಾಯಿತು. ಸಾವು, ಆಕ್ಸಿಜನ್, ಐಸಿಯುಗಳಿಂದ ಕಾಪಾಡುವ ಶಕ್ತಿ ಮಾತ್ರ, ಅದರಲ್ಲೂ ಮೂರನೇ ಡೋಸ್ ಆದವರಲ್ಲಿ, ಉಳಿದುಕೊಂಡಿತು. ಹಾಗಾಗಿ ‘ಲಸಿಕೆ ಹಾಕಿಸಿದರೂ ಕೊರೊನಾ ಬಂತು’ ಅನ್ನುವುದೂ ನಿಜ, ‘ಬಂದರೂ ಮನೆಯಲ್ಲೇ ವಾಸಿಯಾಯಿತು’ ಅನ್ನುವುದೂ ನಿಜ. ನಮಗೆ ಬೇಕಾಗಿದ್ದು ಎರಡನೆಯದು.

2022ರ ಆಗಸ್ಟಿನಲ್ಲಿ ನೀವು ಹಾಕಿಸಿದ ಬೂಸ್ಟರ್ ಒಳ್ಳೆ ಕೆಲಸ. 60ರ ಒಳಗಿನವರಿಗೂ 75 ದಿನ ಉಚಿತವಾಗಿ ಕೊಟ್ಟ ಅವಧಿ ಅದು. ಆದರೆ ಆಮೇಲೆ ವರ್ಷಗಳು ಕಳೆದಿವೆ. ಆಗ ಬಂದ ಪ್ರತಿಕಾಯದಲ್ಲಿ ಹೆಚ್ಚೇನೂ ಉಳಿದಿರಲಿಕ್ಕಿಲ್ಲ. ವೈರಸ್ಸಿನ ಗುರುತು ನೆನಪಿಟ್ಟುಕೊಳ್ಳುವ ಬಿಳಿ ರಕ್ತಕಣಗಳು ಸ್ವಲ್ಪ ಇರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ವಯಸ್ಸಾದವರು, ಸಕ್ಕರೆ ಕಾಯಿಲೆಯಂಥ ದೊಡ್ಡ ಕಾಯಿಲೆ ಇರುವವರು, ರೋಗನಿರೋಧಕ ಶಕ್ತಿ ಕುಗ್ಗಿದವರನ್ನು ಮೊದಲ ಆದ್ಯತೆಯ ಗುಂಪಿಗೆ ಸೇರಿಸಿ, ಹಿಂದಿನ ಡೋಸ್ ಆದ 6 ಅಥವಾ 12 ತಿಂಗಳಿಗೆ ಇನ್ನೊಂದು ಪಡೆಯಲು ಹೇಳಿತು. ನನ್ನ ಅಭಿಪ್ರಾಯವೂ ಅದೇ. ಸಿಕ್ಕರೆ ಅಪ್ಪನಿಗೆ ಹಾಕಿಸಿ. ಈಗ ಮೊದಲಿನ ಹಾಗೆ ಪಂಚಾಯಿತಿ ಕಟ್ಟೆಯಲ್ಲಿ ಶಿಬಿರ ಇರಲ್ಲ. ಹುಡುಕಬೇಕಾಗುತ್ತೆ. ರಾಯಚೂರಿನ ಜಿಲ್ಲಾ ಆರೋಗ್ಯ ಕಚೇರಿಯಲ್ಲಿ ಅಥವಾ ರಿಮ್ಸ್‌ನಲ್ಲಿ ಕೇಳಿ. ಯಾವ ಕಂಪನಿಯದು ಅನ್ನುವುದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಹೊಸ ತಳಿಗೆ ಹೊಂದಿಸಿದ್ದು ಸಿಕ್ಕರೆ ಒಳ್ಳೆಯದು.

ಹಾಕಿಸುವ ದಿನ ಡಯಾಲಿಸಿಸ್ ಇಲ್ಲದ ದಿನ ಆಗಿರಲಿ. ಮೆಷಿನ್ನಿನಲ್ಲಿ ರಕ್ತ ಹೆಪ್ಪುಗಟ್ಟದ ಹಾಗೆ ಹೆಪಾರಿನ್ ಕೊಡುತ್ತಾರೆ. ಅದು ಮೈಯಲ್ಲಿದ್ದಾಗ ಸೂಜಿ ಚುಚ್ಚಿದರೆ ಒಳಗೆ ರಕ್ತ ಕಟ್ಟಿ ತೋಳು ನೀಲಿಯಾಗುತ್ತೆ. ಫಿಸ್ಟುಲಾ ಇಲ್ಲದ ತೋಳಿಗೇ ಹಾಕಿಸಿ. ಹತ್ತಿ ಇಟ್ಟು ಐದು ನಿಮಿಷ ಒತ್ತಿ ಹಿಡಿಯಿರಿ, ಉಜ್ಜಬೇಡಿ. ಒಂದೆರಡು ದಿನ ಜ್ವರ, ಮೈ ಕೈ ನೋವು ಬರಬಹುದು. ಅದಕ್ಕೆ ಪ್ಯಾರಾಸಿಟಮಾಲ್ ಸಾಕು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಗುಳಿಗೆ ಬೇಡ. ಉಳಿದಿರುವ ಅಷ್ಟಿಷ್ಟು ಮೂತ್ರವನ್ನೂ ಅದು ನಿಲ್ಲಿಸಬಹುದು, ಹೊಟ್ಟೆಯಲ್ಲಿ ರಕ್ತ ಸುರಿಸಬಹುದು.

ಇಲ್ಲಿ ಒಂದು ವಿಷಯ ತುಂಬಾ ಹುಷಾರು. ಜ್ವರ ಬಂತು ಅಂದರೆ ನಮ್ಮ ಜನ ಪ್ರೀತಿಯಿಂದ ಎಳನೀರು ತರುತ್ತಾರೆ, ಮೋಸಂಬಿ ರಸ ಕುಡಿಸುತ್ತಾರೆ, ಓಆರ್‌ಎಸ್ ಕಲಸುತ್ತಾರೆ. ರಾಯಚೂರಿನ ಬಿಸಿಲಿಗಂತೂ ‘ನೀರು ಜಾಸ್ತಿ ಕುಡಿ’ ಅಂತ ಎಲ್ಲರೂ ಹೇಳುವವರೇ. ಡಯಾಲಿಸಿಸ್‌ನವರಿಗೆ ಇದು ಅಪಾಯ. ಎಳನೀರಿನಲ್ಲಿ ಪೊಟ್ಯಾಸಿಯಂ ತುಂಬಾ ಇರುತ್ತೆ, ಅದು ರಕ್ತದಲ್ಲಿ ಏರಿದರೆ ಹೃದಯ ಇದ್ದಕ್ಕಿದ್ದ ಹಾಗೆ ನಿಲ್ಲಬಹುದು. ಹೆಚ್ಚಾದ ನೀರು ಶ್ವಾಸಕೋಶದಲ್ಲಿ ತುಂಬಿ ಉಸಿರು ಕಟ್ಟುತ್ತೆ. ನೋಡಿದವರು ‘ಲಸಿಕೆಯಿಂದ ಹೀಗಾಯ್ತು’ ಅನ್ನುತ್ತಾರೆ. ಲಸಿಕೆಯ ದಿನವೂ ಅಪ್ಪನ ನೀರಿನ ಲೆಕ್ಕ ದಿನನಿತ್ಯದ ಹಾಗೇ ಇರಲಿ.

ಹೆಪ್ಪುಗಟ್ಟುವ ಭಯದ ಬಗ್ಗೆ ಹೇಳುತ್ತೇನೆ. ಕೋವಿಶೀಲ್ಡ್ ತಂತ್ರಜ್ಞಾನದ ಮೂಲ ಕಂಪನಿ ಆಸ್ಟ್ರಾಜೆನೆಕಾ ಇದನ್ನು ಬ್ರಿಟನ್ನಿನ ನ್ಯಾಯಾಲಯದಲ್ಲಿ ಒಪ್ಪಿಕೊಂಡಿದೆ ಅಂತ 2024ರಲ್ಲಿ ದೊಡ್ಡ ಸುದ್ದಿಯಾಯಿತು. ತೊಂದರೆ ನಿಜ, ಆದರೆ ಅತಿ ಅಪರೂಪ. ಬರುವುದಿದ್ದರೆ ಡೋಸ್ ಆದ ಮೊದಲ ಕೆಲವು ವಾರಗಳಲ್ಲೇ, ಅದೂ ಹೆಚ್ಚಾಗಿ ಮೊದಲ ಡೋಸ್ ನಂತರ ಬರುತ್ತೆ. ಅಪ್ಪ ಅದನ್ನೆಲ್ಲ ದಾಟಿ ವರ್ಷಗಳಾಗಿವೆ. ಫಿಸ್ಟುಲಾ ಮುಚ್ಚಿಹೋಗುವ ಕಾರಣಗಳು ಬೇರೆ ಇವೆ: ಬಿಪಿ ಇಳಿಯುವುದು, ಸೂಜಿ ತೆಗೆದ ಮೇಲೆ ಪಟ್ಟಿ ಬಿಗಿಯಾಗಿ ಕಟ್ಟಿ ಮರೆಯುವುದು, ಆ ತೋಳಿನ ಮೇಲೆ ಮಗ್ಗುಲಾಗಿ ಮಲಗುವುದು. ಲಸಿಕೆ ಇರಲಿ ಬಿಡಲಿ, ಅಪ್ಪ ದಿನಾ ಬೆಳಗ್ಗೆ ಫಿಸ್ಟುಲಾ ಮೇಲೆ ಬೆರಳಿಟ್ಟು ಆ ‘ಜುಮ್’ ಅನ್ನುವ ನಡುಕ ನೋಡಿಕೊಳ್ಳಬೇಕು. ನಿಂತಿದ್ದರೆ ಅದೇ ದಿನ ಆಸ್ಪತ್ರೆಗೆ.

ಕೊರೊನಾ ಪ್ರತಿಕಾಯದ ರಕ್ತಪರೀಕ್ಷೆ ಮಾಡಿಸಬೇಕಾ ಅಂತ ತುಂಬಾ ಜನ ಕೇಳುತ್ತಾರೆ. ಬೇಡ. ಹೆಪಟೈಟಿಸ್ ಬಿಗೆ 10 ಅನ್ನುವ ಗೆರೆ ಇದೆ. ಇದಕ್ಕೆ ಎಲ್ಲರೂ ಒಪ್ಪಿದ ಗೆರೆ ಇಲ್ಲ. ಆ ದುಡ್ಡಿಗೆ ಮೊಟ್ಟೆ ತಂದು ಅಪ್ಪನಿಗೆ ಬಿಳಿ ಭಾಗ ತಿನ್ನಿಸಿ.

ಅಪ್ಪನ ಮೈ ಪೂರ್ತಿ ಕಾಪಾಡದಿರುವಾಗ ಸುತ್ತ ಇರುವವರು ಕಾಪಾಡಬೇಕು. ಮನೆಯಲ್ಲಿ ಯಾರಿಗಾದರೂ ನೆಗಡಿ, ಕೆಮ್ಮು ಇದ್ದರೆ ಮಾಸ್ಕ್ ಹಾಕಿಕೊಳ್ಳಿ, ಅಪ್ಪನ ಊಟದ ತಟ್ಟೆ ಬೇರೆಯವರು ಕೊಡಲಿ. ಸಿಂಧನೂರಿಗೆ ಕ್ರೂಸರ್‌ನಲ್ಲಿ ಹದಿನೈದು ಜನರ ಜೊತೆ ಹೋಗುವುದಾದರೆ ಕಿಟಕಿ ಪಕ್ಕ ಕೂರಿಸಿ, ಮಾಸ್ಕ್ ಇರಲಿ. ಡಯಾಲಿಸಿಸ್ ಹಾಲ್‌ನಲ್ಲೂ ಇರಲಿ.

ಹೀಗಿದ್ದೂ ಅಪ್ಪನಿಗೆ ಜ್ವರ, ಕೆಮ್ಮು ಬಂದರೆ ಹೆದರಿ ಡಯಾಲಿಸಿಸ್ ತಪ್ಪಿಸಬೇಡಿ. ಮೊದಲ ಅಲೆಯಲ್ಲಿ ಕೊರೊನಾದಿಂದಲ್ಲ, ಕೊರೊನಾದ ಭಯಕ್ಕೆ ಎರಡು ಮೂರು ಡಯಾಲಿಸಿಸ್ ಬಿಟ್ಟು ಹೋದ ಜೀವಗಳನ್ನು ನಾನು ನೋಡಿದ್ದೇನೆ. ಹೋಗುವ ಮೊದಲು ಘಟಕಕ್ಕೆ ಫೋನ್ ಮಾಡಿ ಹೇಳಿ. ಪಾಸಿಟಿವ್ ಇರುವವರಿಗೆ ಕೊನೆಯ ಪಾಳಿಯಲ್ಲೋ ಬೇರೆ ಮೆಷಿನ್ನಿನಲ್ಲೋ ವ್ಯವಸ್ಥೆ ಮಾಡುತ್ತಾರೆ. ಪರೀಕ್ಷೆ ತಡ ಮಾಡಬೇಡಿ. ವೈರಸ್ ವಿರುದ್ಧದ ಔಷಧ ಫಲ ಕೊಡುವುದು ಮೊದಲ ಐದಾರು ದಿನಗಳಲ್ಲಿ ಶುರು ಮಾಡಿದರೆ. ಯಾವ ಡಾಕ್ಟರ ಹತ್ತಿರ ಹೋದರೂ ಮೊದಲ ಮಾತೇ ‘ಇವರು ಡಯಾಲಿಸಿಸ್‌ನಲ್ಲಿದ್ದಾರೆ’ ಅಂತ ಇರಲಿ, ಔಷಧದ ಪ್ರಮಾಣ ಬದಲಾಗುತ್ತೆ. ಊರಲ್ಲಿ ‘ಒಂದು ಸ್ಟೀರಾಯ್ಡ್ ಇಂಜೆಕ್ಷನ್ ಹಾಕಿದರೆ ಸರಿಹೋಗುತ್ತೆ’ ಅಂದರೆ ಒಪ್ಪಬೇಡಿ. ಸ್ಟೀರಾಯ್ಡ್ ಕೆಲಸಕ್ಕೆ ಬರುವುದು ಆಕ್ಸಿಜನ್ ಕೊಡಬೇಕಾದ ಹಂತದಲ್ಲಿ. ಅದಕ್ಕೆ ಮೊದಲೇ ಹಾಕಿದರೆ ಸಕ್ಕರೆ ಏರುತ್ತೆ, 2021ರಲ್ಲಿ ಕಂಡ ಬ್ಲ್ಯಾಕ್ ಫಂಗಸ್‌ಗೆ ದಾರಿಯಾಗುತ್ತೆ. ಬೆರಳಿಗೆ ಸಿಕ್ಕಿಸುವ ಮೀಟರಿನಲ್ಲಿ ಆಕ್ಸಿಜನ್ 94ಕ್ಕಿಂತ ಇಳಿದರೆ ಮನೆಯಲ್ಲಿ ಕಾಯಬೇಡಿ.

ಕಿಡ್ನಿ ಕಸಿ ಮಾಡಿಸುವ ಯೋಚನೆ ಇದ್ದರೆ ಲಸಿಕೆಗಳನ್ನೆಲ್ಲ ಈಗಲೇ ಮುಗಿಸಿ. ಕಸಿಯಾದ ಮೇಲೆ ಕೊಡುವ ಮಾತ್ರೆಗಳು ರೋಗನಿರೋಧಕ ಶಕ್ತಿಯನ್ನು ಬೇಕೆಂದೇ ತಗ್ಗಿಸುತ್ತವೆ. ಅಂಗ ಕಸಿಯಾದವರಲ್ಲಿ ಎರಡು ಡೋಸ್ ಎಂಆರ್‌ಎನ್‌ಎ ಲಸಿಕೆ ಆದ ಮೇಲೂ ಸುಮಾರು ಅರ್ಧದಷ್ಟು ಜನರಿಗೆ ಮಾತ್ರ ಪ್ರತಿಕಾಯ ಬಂದಿತ್ತು. ಡಯಾಲಿಸಿಸ್‌ನಲ್ಲಿರುವಾಗ ಅದಕ್ಕಿಂತ ಚೆನ್ನಾಗಿ ಹಿಡಿಯುತ್ತೆ.

ಈ ವಾರ ಡಯಾಲಿಸಿಸ್‌ಗೆ ಹೋಗುವಾಗ ಅಪ್ಪನ ಮೂರೂ ಡೋಸ್‌ಗಳ ಸರ್ಟಿಫಿಕೇಟ್ ಪ್ರಿಂಟ್ ತೆಗೆದು ಫೈಲಿಗೆ ಹಾಕಿ. ಟೆಕ್ನಿಷಿಯನ್ ಹತ್ತಿರ ಹೆಪಟೈಟಿಸ್ ಬಿ ಟೈಟರ್ ಕೊನೆಗೆ ಯಾವಾಗ ನೋಡಿದ್ದು ಅಂತ ಕೇಳಿ. ವರ್ಷ ದಾಟಿದ್ದರೆ ಅವತ್ತೇ ರಕ್ತ ತೆಗೆಸಿ, ಬೇರೆ ಸೂಜಿ ಚುಚ್ಚುವುದು ತಪ್ಪುತ್ತೆ. ಫ್ಲೂ ಲಸಿಕೆ ಪ್ರತಿ ವರ್ಷ ಬೇಕು, ನ್ಯುಮೋನಿಯಾ ಲಸಿಕೆಯೂ ಬೇಕು, ಅದನ್ನೂ ಡಾಕ್ಟರ ಹತ್ತಿರ ಬರೆಸಿಕೊಳ್ಳಿ. ಅಪ್ಪ ಒಪ್ಪದಿದ್ದರೆ ಸಾಣಿಗಿ ಎದುರಿಗಿಟ್ಟು ಒಂದು ಹಿಡಿ ಹಿಟ್ಟು, ನಾಲ್ಕು ಕಾಳು ಹಾಕಿ ಅವರ ಕೈಯಿಂದಲೇ ಜರಡಿ ಹಿಡಿಸಿ ತೋರಿಸಿ.